ಕೆನ್ನೆ ಉಬ್ಬಿಸದೆ ಮಾಡಿದ ತಾಳಿ

ನನ್ನ ಗಂಡನ ಕೆನ್ನೆಗಳ ವಿಷಯವನ್ನು ಮೊದಲೇ ಹೇಳಿಬಿಡಬೇಕು. ಸುಮ್ಮನಿದ್ದಾಗ ಅವು ಸೊರಗಿ ಜೋತುಬಿದ್ದಿರುತ್ತವೆ. ಬಾಯಿಗೆ ಊದುಗೊಳವೆ ಹೋಯಿತೆಂದರೆ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿ ನಿಲ್ಲುತ್ತವೆ. ನನ್ನ ತವರು ಗಂಗಾವತಿ. ಅಪ್ಪ ರೈಸ್ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದವರು. ಅಕ್ಕಿ ಹೊಟ್ಟಿನ ಧೂಳು ಬಿಟ್ಟರೆ ಬೇರೆ ಕಸುಬಿನ ಗಂಧ ಗೊತ್ತಿಲ್ಲದ ನಾನು ಮದುವೆಯಾಗಿ ಕೊಪ್ಪಳದ ಪಕ್ಕದ ಭಾಗ್ಯನಗರಕ್ಕೆ, ಬಂಗಾರದ ಕೆಲಸ ಮಾಡುವ ಈ ಪತ್ತಾರರ ಮನೆಗೆ ಬಂದೆ. ಬಂದ ಹೊಸತರಲ್ಲಿ, ಪಡಸಾಲೆಯ ಮೂಲೆಯಲ್ಲಿ ಕೂತು ಎಣ್ಣೆ ದೀಪದ ಕುಡಿಯನ್ನು ಊದುತ್ತಿದ್ದ ಇವರನ್ನು ನೋಡಿ ಹಲ್ಲುನೋವಿರಬೇಕೆಂದು ಲವಂಗ ತಂದು ಮುಂದೆ ಹಿಡಿದಿದ್ದೆ. ಗೊಳವೆಯನ್ನು ಬಾಯಿಂದ ತೆಗೆಯದೆ ಇವರು 'ಹೂಂ' ಅಂದರು. ಬೇಕು ಅಂತಲೋ ಬೇಡ ಅಂತಲೋ ತಿಳಿಯಲಿಲ್ಲ.

ಆ 'ಹೂಂ' ಜೊತೆಗೇ ನನ್ನ ಸಂಸಾರ ನಡೆದದ್ದು. ರೇಷನ್ ಮುಗಿದಿದೆ ಅಂದರೆ ಹೂಂ. ನೆಂಟರು ಬಂದಿದ್ದಾರೆ ಅಂದರೆ ಹೂಂ. ಒಮ್ಮೆ ಸಿಟ್ಟಿಗೆದ್ದು 'ನಾ ತವರಿಗೆ ಹೋಗ್ತೀನಿ, ಮತ್ತ ಬರಂಗಿಲ್ಲ' ಅಂದೆ, ಅದಕ್ಕೂ ಹೂಂ.

ಪಾಪ, ಅವರದಾದರೂ ಏನು ತಪ್ಪು. ಪತ್ತಾರರು ಊದುವುದೆಂದರೆ ನಾವು ಒಲೆ ಊದಿದ ಹಾಗಲ್ಲ. ಗಾಳಿಯನ್ನು ಕೆನ್ನೆಯಲ್ಲಿ ತುಂಬಿಟ್ಟುಕೊಂಡು, ಮೂಗಿನಿಂದ ಹೊಸ ಉಸಿರು ಎಳೆಯುತ್ತಲೇ ಕೆನ್ನೆಯ ಗಾಳಿಯನ್ನು ಗೊಳವೆಗೆ ದಬ್ಬುತ್ತಿರಬೇಕು. ಆ ಗಾಳಿ ದೀಪದ ಕುಡಿಯನ್ನು ಬಗ್ಗಿಸಿ, ಸೂಜಿಯಂತೆ ಮೊನೆ ಮಾಡಿ, ಬಂಗಾರದ ಬೆಸುಗೆಯ ಮೇಲೆ ನಿಲ್ಲಿಸುತ್ತದೆ. ನಡುವೆ ಉಸಿರು ಕಡಿದರೆ ಮೊನೆ ಅಲ್ಲಾಡುತ್ತದೆ, ಕೆಲಸ ಕೆಡುತ್ತದೆ. ತಾಳಿಯ ವಿಷಯದಲ್ಲಂತೂ ಈ ಮನೆಯಲ್ಲಿ ಅದೊಂದು ವ್ರತ. ಬೆಸುಗೆ ಕೂಡುವವರೆಗೆ ಊದು ಕಡಿಯಬಾರದು. ಕಡಿದರೆ ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಶುರು. ಗಂಡ ಹೆಂಡತಿ ನಡುವೆ ಏನೂ ಕಡಿಯದಿರಲಿ ಅಂತ ಹೀಗೆ ಮಾಡುತ್ತಾರೆ ಎಂದು ಅತ್ತೆ ಹೇಳುತ್ತಿದ್ದರು. ನಮ್ಮಿಬ್ಬರ ನಡುವೆ ಮಾತು ಕಡಿಯುವ ಭಯವೇ ಇರಲಿಲ್ಲ, ಯಾಕೆಂದರೆ ಅದು ಶುರುವಾದರೆ ತಾನೆ.

ಪೇಟೆಯ ಉಳಿದ ಪತ್ತಾರರೆಲ್ಲ ಅಡುಗೆ ಗ್ಯಾಸಿನ ಸಿಲಿಂಡರು ಇಟ್ಟುಕೊಂಡು ಕಾಲಿನಲ್ಲಿ ತಿದಿ ತುಳಿಯತೊಡಗಿ ಎಷ್ಟೋ ಕಾಲವಾಗಿತ್ತು. ಇವರೂ ಬಂಗಾರ ಕರಗಿಸಲು ಅದನ್ನೇ ಬಳಸುತ್ತಿದ್ದರು. ಆದರೆ ತಾಳಿಗೆ ಮಾತ್ರ ಬಾಯಿಯೇ ಆಗಬೇಕು. ನಮ್ಮ ಮನೆಯ ತಾಳಿಯ ಅಂಚಿಗೆ ಸಾಸಿವೆಯಂಥ ಸಣ್ಣ ಗುಂಡುಗಳ ಸಾಲು ಬರುತ್ತದೆ. ಗ್ಯಾಸಿನ ಜ್ವಾಲೆ ಅಗಲ. ಒಂದು ಗುಂಡಿಗೆ ಹಿಡಿದರೆ ಪಕ್ಕದ್ದು ಬಿಟ್ಟುಕೊಳ್ಳುತ್ತದೆ ಎಂಬುದು ಇವರ ವಾದ. ವಾದ ಅಂದೆನಲ್ಲ, ಅದನ್ನೂ ಬಾಯಿಬಿಟ್ಟು ಹೇಳಿದವರಲ್ಲ, ತಲೆ ಅಲ್ಲಾಡಿಸಿ ತಿಳಿಸಿದ್ದು.

ಹೀಗಿರುವಾಗ ನಮ್ಮ ಒಬ್ಬಳೇ ಮಗಳಿಗೆ ಯಲಬುರ್ಗಾದಲ್ಲಿ ಗಂಡು ನಿಶ್ಚಯವಾಯಿತು. ಅವಳು ಕುಷ್ಟಗಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನಮ್ಮಲ್ಲಿ ಎರಡು ತಾಳಿ: ಒಂದು ಗಂಡಿನ ಮನೆಯದು, ಒಂದು ತವರಿನದು. ಊರಿನ ಎಷ್ಟೋ ಹೆಣ್ಣುಮಕ್ಕಳ ಕೊರಳಿನ ತಾಳಿ ಮಾಡಿದ ಮನುಷ್ಯನಿಗೆ ತನ್ನ ಮಗಳ ತವರಿನ ತಾಳಿ ಮಾಡುವ ದಿನಕ್ಕಿಂತ ದೊಡ್ಡ ದಿನ ಯಾವುದಿದ್ದೀತು? ಇವರು ಹುಣಸೆಹಣ್ಣು ಹಚ್ಚಿ ಗೊಳವೆಯನ್ನು ತಿಕ್ಕಿ ತಿಕ್ಕಿ ಬೆಳಗಿದರು, ಅಷ್ಟರಿಂದಲೇ ನನಗೆ ಗೊತ್ತಾಯಿತು.

ಅದೇ ತಿಂಗಳು ಇವರ ಕೆಮ್ಮು ಜೋರಾಯಿತು. ಮೊದಲಿಂದಲೂ ಸಣ್ಣಗೆ ಇತ್ತು, ಈಗ ಮೆಟ್ಟಿಲು ಹತ್ತಿದರೂ ಏದುಸಿರು. ಎಳೆದುಕೊಂಡು ಕೊಪ್ಪಳದ ಡಾಕ್ಟರ ಹತ್ತಿರ ಹೋದೆ. ಅಲ್ಲಿ ನರ್ಸಮ್ಮ ಒಂದು ಪ್ಲಾಸ್ಟಿಕ್ ಡಬ್ಬಿ ಕೈಗೆ ಕೊಟ್ಟಳು. ಅದರೊಳಗೆ ಮೂರು ಬಣ್ಣದ ಗುಂಡುಗಳು, ಒಂದು ಕೊಳವೆ. ಕೊಳವೆ ಕಂಡದ್ದೇ ತಡ, ಇವರಿಗೆ ಧೈರ್ಯ ಬಂತು. ಬಾಯಿಗಿಟ್ಟುಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಾಗುವ ಹಾಗೆ ಊದಿದರು. ಗುಂಡುಗಳು ಜಪ್ಪಯ್ಯ ಅನ್ನಲಿಲ್ಲ.

ನರ್ಸಮ್ಮ ನಗು ತಡೆದುಕೊಂಡು, 'ಮಾಮಾರ, ಊದಬ್ಯಾಡ್ರಿ, ಒಳಗ ಎಳಕೊಳ್ರಿ' ಅಂದಳು.

ಇವರು ನನ್ನ ಮುಖ ನೋಡಿದರು. ಜೀವನಪೂರ್ತಿ ಹೊರಗೆ ಊದಿದವರಿಗೆ ಒಳಗೆ ಎಳೆಯುವುದೂ ಒಂದು ಪರೀಕ್ಷೆ ಅಂದರೆ ಹೇಗೆ? ಎಳೆದರು. ಒಂದು ಗುಂಡು ಎದ್ದಿತು, ಎರಡನೆಯದು ಅಲ್ಲಾಡಿತು, ಮೂರನೆಯದು ಕೂತಲ್ಲೇ ಕೂತಿತು.

ಡಾಕ್ಟರು ನಗುಮುಖದವರೇ, ಆದರೆ ಮಾತು ಖಡಕ್ಕು. 'ಊದೋದು ಬಂದ್ ಮಾಡ್ರಿ. ದೀಪದ ಹೊಗಿನೂ ಬಂದ್. ಇಲ್ಲಾಂದ್ರ ಮಗಳ ಮದುವಿ ದಿನ ನೀವು ಮಂಟಪದಾಗ ಇರಂಗಿಲ್ಲ, ನನ್ನ ಹಂತೇಕ ಮಲಗಿರ್ತೀರಿ.'

ಆ ಮಾತಿಗೆ ಮಾತ್ರ ಇವರು ಹೂಂ ಅನ್ನಲಿಲ್ಲ.

ಮನೆಗೆ ಬಂದು ಗೊಳವೆಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಪಡಸಾಲೆ ಬಿಟ್ಟು ಹಿತ್ತಲಿನ ಕಟ್ಟೆಯ ಮೇಲೆ ಕೂತರು. ತಾಳಿಯನ್ನು ಪೇಟೆಯಲ್ಲಿ ಅಚ್ಚಿನದು ತಂದರಾಯಿತು ಅಂತ ನೆಂಟರೊಬ್ಬರು ಅಂದರು. ಬೇರೆ ಪತ್ತಾರನ ಕೈಲಿ ಮಾಡಿಸೋಣ ಅಂತ ಅತ್ತೆ ಅಂದರು. ಆ ದಿನ ಇವರು ಊಟಕ್ಕೆ ಬರಲಿಲ್ಲ. ಗಂಡನ ಜೀವ ಉಳಿಯಬೇಕು, ಅದು ಸರಿ. ಆದರೆ ಮಗಳ ತಾಳಿಯನ್ನು ಬೇರೆಯವರ ಕೈಯಲ್ಲಿ ನೋಡಿದ ಮೇಲೆ ಈ ಮನುಷ್ಯ ಮತ್ತೆ ಆ ಮೂಲೆಯಲ್ಲಿ ಕೂರುವುದಿಲ್ಲ ಎಂಬುದು ನನಗೆ ಖಾತ್ರಿಯಿತ್ತು.

ಮದುವೆಯ ಅಕ್ಕಿ ತರಲು ಗಂಗಾವತಿಗೆ ಹೋದಾಗ ದಾರಿ ಸಿಕ್ಕಿತು. ಅಲ್ಲೊಂದು ಬಂಗಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ, ದೊಡ್ಡ ಡಬ್ಬದಂಥ ಮಷೀನಿನಿಂದ ಹೊರಟ ಸಣ್ಣ ಪೈಪು ಹಿಡಿದು ಒಬ್ಬರು ಆರಾಮಾಗಿ ಬೆಸುಗೆ ಹಾಕುತ್ತಿದ್ದರು. ಸಿಲಿಂಡರಿಲ್ಲ, ತಿದಿಯಿಲ್ಲ, ಹೊಗೆಯಿಲ್ಲ. ಏನು ಹಾಕುತ್ತೀರಿ ಅಂದೆ. ನೀರು ಅಂದರು. ಗೇಲಿ ಮಾಡುತ್ತಿದ್ದಾರೆ ಅಂದುಕೊಂಡೆ. ಮಷೀನು ತಂದುಕೊಟ್ಟ ಸಾಹೇಬರ ಅಂಗಡಿ ತೋರಿಸಿದರು. ಸಾಹೇಬರು ಮೊದಲು ರೈಸ್ ಮಿಲ್ಲುಗಳ ಮೋಟರು ರಿಪೇರಿ ಮಾಡುತ್ತಿದ್ದವರಂತೆ. ನಮ್ಮ ಅಪ್ಪನ ಹೆಸರು ಹೇಳಿದ ಕೂಡಲೇ ಚಹಾ ತರಿಸಿದರು. ಅದೇ ವಾರ ಒಂದು ಮಷೀನನ್ನು ನಮ್ಮ ಪಡಸಾಲೆಗೇ ತಂದು ಇಳಿಸಿದರು. ನೋಡಿ, ಒಗ್ಗಿದರೆ ಇಟ್ಟುಕೊಳ್ಳಿ ಅಂದರು.

'ನೋಡ್ರಿ ಪತ್ತಾರ್ರ' ಎಂದು ಸಾಹೇಬರು ಶುರು ಮಾಡಿದರು. 'ನೀರಿಗೆ ಕರೆಂಟ್ ಕೊಟ್ರ ನೀರು ಒಡದು ಎರಡು ಗ್ಯಾಸ್ ಆಕ್ಕೈತಿ. ಒಂದು ಹೈಡ್ರೋಜನ್, ಅದು ಉರಿಯೂದು. ಇನ್ನೊಂದು ಆಕ್ಸಿಜನ್, ಅದು ಉರಿಸೂದು. ಊದಾವ್ರೂ ಒಳಗ ಅದಾರ, ಉರಿಯಾವ್ರೂ ಒಳಗ ಅದಾರ. ನೀವು ಸುಮ್ನ ಕೈ ಹಿಡದ್ರ ಸಾಕು.'

'ನೀರು ಬೆಂಕಿ ಆರಸ್ತೈತಪ್ಪಾ, ಹಚ್ಚತೈತೇನು?' ಅಂದರು ಅತ್ತೆ. ಎಂಬತ್ತು ದಾಟಿದ ಅವರಿಗೆ ಯಾರ ಮಾತೂ ಸುಮ್ಮನೆ ಒಪ್ಪುವ ಅಭ್ಯಾಸವಿಲ್ಲ.

ಸಾಹೇಬರು ಸ್ವಿಚ್ಚು ಒತ್ತಿದರು. ಸ್ವಲ್ಪ ಹೊತ್ತಿಗೆ ಒಂದು ಗಾಜಿನ ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಏಳತೊಡಗಿತು. ಪೈಪಿನ ತುದಿಗೆ ಕಡ್ಡಿ ಗೀರಿ ಹಿಡಿದರು. ಸುಂಯ್ ಅಂತ ಸದ್ದು ಬಂತು, ಬೆಂಕಿ ಮಾತ್ರ ಕಾಣಲಿಲ್ಲ. ತಾಮ್ರದ ತಂತಿ ಹಿಡಿದಾಗ ತಂತಿಯೇ ಕೆಂಪಾಗಿ ಬಾಗಿತು, ಆಗ ನಂಬಿದೆವು. ಆಮೇಲೆ ಸಾಹೇಬರು ಫ್ರಿಜ್ಜಿನಿಂದ ತಣ್ಣನೆಯ ಸ್ಟೀಲ್ ತಟ್ಟೆ ತರಿಸಿ ಜ್ವಾಲೆಯ ಮೇಲೆ ಒಂಚೂರು ದೂರದಲ್ಲಿ ಆಡಿಸಿದರು. ತಟ್ಟೆಯ ತಳ ಮಂಜು ಹಿಡಿದ ಹಾಗೆ ಮಸುಕಾಗಿ, ಹನಿಗಳು ಕೂತವು. 'ಉರದ ಮ್ಯಾಲ ಮತ್ತ ನೀರೇ ಆಕ್ಕೈತ್ರಿ. ಹೊಗಿ ಇಲ್ಲ, ಮಸಿ ಇಲ್ಲ.'

ಶಾಲೆಯಲ್ಲಿ ಜಲಜನಕ ಅಂತ ಓದಿದ್ದು ಇದೇ ಅಂತ ಮಗಳು ಖುಷಿಪಟ್ಟಳು. ಅತ್ತೆ ತಟ್ಟೆಯ ಹನಿಯನ್ನು ಬೆರಳಿನಿಂದ ಒರೆಸಿ ಕಣ್ಣಿಗೆ ಒತ್ತಿಕೊಂಡರು.

ಸಾಹೇಬರಿಗೆ ಕೇಳುವವರು ಸಿಕ್ಕರೆ ಸಾಕು. ಅಂಗಡಿಯ ವನಸ್ಪತಿ ತುಪ್ಪ ಎಣ್ಣೆಯಿಂದ ಗಟ್ಟಿಯಾಗುವುದು ಇದೇ ಗ್ಯಾಸಿನಿಂದಂತೆ. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗಲೂ ಇದೇ ಗ್ಯಾಸು ಸಣ್ಣಗೆ ಹೊರಬೀಳುತ್ತದಂತೆ, ಅದಕ್ಕೇ ಅದರ ಹತ್ತಿರ ಕಡ್ಡಿ ಗೀರಬಾರದಂತೆ. ಕುಷ್ಟಗಿ, ಯಲಬುರ್ಗಾ ಕಡೆ ತಿರುಗುವ ಗಾಳಿಯಂತ್ರಗಳ ಕರೆಂಟಿನಿಂದ ಮುಂದೆ ಇದನ್ನೇ ಮಾಡಿ ಲಾರಿ ಓಡಿಸುತ್ತಾರಂತೆ. 'ನಮ್ಮ ಮಗಳ್ನ ಕೊಡೂ ಊರಿನ ಗಾಳೀನೂ ಕೆಲಸಕ್ಕ ಬಂತಲ್ಲ' ಅಂತ ನಾನು ನಕ್ಕೆ. ಹೋಗುವಾಗ ಅವರು ಎಚ್ಚರಿಕೆ ಹೇಳಿದರು: ಕಿಟಕಿ ತೆರೆದಿರಬೇಕು, ಬಾಟಲಿಯ ನೀರು ಗೀಟಿಗಿಂತ ಕೆಳಗೆ ಇಳಿಯಬಾರದು, ಮಷೀನಿಗೆ ಶುದ್ಧ ನೀರು ಬಿಟ್ಟು ಬೇರೇನೂ ಹಾಕಬಾರದು.

ಶುದ್ಧ ನೀರು ಎಂಬ ಮಾತನ್ನು ಅತ್ತೆ ಬಹಳ ಮನಸ್ಸಿಗೆ ಹಚ್ಚಿಕೊಂಡರು. ಮರುದಿನ ಮಂಗಳವಾರ. ಅವರು ಹುಲಿಗಿಗೆ ಹೋಗಿ, ಹೊಳೆಯಲ್ಲಿ ಕಾಲು ತೊಳೆದು, ಹುಲಿಗೆಮ್ಮನ ದರ್ಶನ ಮಾಡಿ, ಚೆಂಬಿನಲ್ಲಿ ಕುಂಕುಮ ಕದಡಿದ ತೀರ್ಥ ತಂದರು. ಮಷೀನಿಗೆ ಅರಿಶಿನ ಕುಂಕುಮ ಹಚ್ಚಿದರು, ಊದುಬತ್ತಿ ಬೆಳಗಿದರು. ಯಾರೂ ಇಲ್ಲದಾಗ ಮುಚ್ಚಳ ತಿರುಗಿಸಿ ಅಷ್ಟೂ ತೀರ್ಥ ಒಳಗೆ ಸುರಿದರು.

ಇವರು ಬಂದು ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಗಾಜಿನ ಬಾಟಲಿಯಲ್ಲಿ ಗುಲಾಬಿ ನೊರೆ ಏರತೊಡಗಿತು. ಜ್ವಾಲೆ ಉಗುಳಿತು, ಕೆಮ್ಮಿತು, 'ಟಪ್' ಎಂದು ಆರಿತು. ಮಷೀನು ತನ್ನಷ್ಟಕ್ಕೆ ಬಂದಾಯಿತು. ಇವರ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಕಂಡಿತು. 'ನಾ ಹೇಳಿದ್ನಲ್ಲ?' ಅಂದರು. ಇವರು ಏನೂ ಹೇಳಿರಲಿಲ್ಲ.

ಸಾಹೇಬರು ಬಂದು ಬಿಚ್ಚಿ ನೋಡಿ ತಲೆ ಕೆರೆದುಕೊಂಡರು. 'ಒಳಗ ಯಾರರ ಏನರ ಹಾಕ್ಯಾರೇನ್ರಿ?'

'ನಾ ಹಾಕೀನಿ' ಅಂದರು ಅತ್ತೆ, ಒಂಚೂರೂ ಅಳುಕದೆ. 'ಹುಲಿಗೆಮ್ಮನ ತೀರ್ಥ. ಶುದ್ಧ ನೀರು ಹಾಕ್ರಿ ಅಂದಿದ್ದು ನೀನಽ. ಅದಕ್ಕಿಂತ ಶುದ್ಧ ಎಲ್ಲೈತಿ?'

ನಾನು ತಲೆ ತಗ್ಗಿಸಿದೆ. ಸಾಹೇಬರು ಕೈಮುಗಿದು ಅಂದರು: 'ಖರೆ ಐತ್ರಿ ಅಮ್ಮಾರ. ಆದ್ರ ದೇವ್ರ ನೀರಿನ್ಯಾಗ ಭಾಳ ಶಕ್ತಿ ಇರತೈತಿ, ಈ ಬಡ ಮಷೀನ್ ತಡಕೊಳ್ಳಂಗಿಲ್ಲ. ಇದಕ್ಕ ಏನೂ ಇಲ್ಲದ ನೀರು ಬೇಕು. ಬ್ಯಾಟರಿ ಅಂಗಡಿ ನೀರು ಹಾಕ್ರಿ. ತೀರ್ಥ ಮ್ಯಾಲ ಸಿಂಪಡಸ್ರಿ, ಒಳಗ ಬ್ಯಾಡ.'

ಅತ್ತೆಗೆ ಸಮಾಧಾನವಾಯಿತು. ದೇವರ ನೀರು ತಡೆಯದ ಮಷೀನು ಅಂತ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ಸಾಹೇಬರು ಅರ್ಧ ದಿನ ಕೂತು ಅದನ್ನು ತೊಳೆದು ಸರಿ ಮಾಡಿದರು. ಊಟಕ್ಕೆ ಅತ್ತೆಯೇ ಅವರಿಗೆ ಎರಡೆರಡು ಸಲ ರೊಟ್ಟಿ ಹಾಕಿದರು.

ಮಷೀನು ಸರಿಯಾಯಿತು, ಮನುಷ್ಯ ಸರಿಯಾಗಲಿಲ್ಲ. ಹಗಲಿನಲ್ಲಿ ಆ ಜ್ವಾಲೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಬೆಂಕಿಯ ಬಣ್ಣ ನೋಡಿಯೇ ಬಿಸಿ ಅಳೆಯುತ್ತಿದ್ದವರು ಈಗ ಬೆಳ್ಳಿಯ ಕಾಲುಂಗುರ ಹಿಡಿದರೆ ಅದು ಕಣ್ಣೆದುರೇ ಕರಗಿ ಹನಿಯಾಗುತ್ತಿತ್ತು. ನನ್ನ ಹಳೆಯ ಕಡುನೀಲಿ ಸೀರೆಯ ತುಂಡೊಂದನ್ನು ಎದುರಿಗೆ ಕಟ್ಟಿದೆ. ಅದರ ಮುಂದೆ ಜ್ವಾಲೆ ನೂಲಿನೆಳೆಯಷ್ಟು ಕಂಡಿತು. ಆ ತೊಂದರೆ ಅಲ್ಲಿಗೆ ತೀರಿತು.

ಕೆನ್ನೆಯದು ತೀರಲಿಲ್ಲ. ಕೈಯಲ್ಲಿ ಪೈಪು ಹಿಡಿದು ಬೆಸುಗೆಯ ಮೇಲೆ ಕಣ್ಣಿಟ್ಟರೆ ಸಾಕು, ಇವರ ಕೆನ್ನೆ ತಾವಾಗಿಯೇ ಉಬ್ಬುತ್ತಿದ್ದವು. ಬಾಯಲ್ಲಿ ಗೊಳವೆ ಇಲ್ಲ, ಎದುರಿಗೆ ದೀಪವಿಲ್ಲ, ಆದರೂ ಗಾಳಿ ತುಂಬಿ ತಡೆದು ಕೂರುತ್ತಿದ್ದರು. ಬೆಸುಗೆ ಕೂಡುವಷ್ಟರಲ್ಲಿ ಎದೆ ಹಿಡಿದುಕೊಂಡು ಕೆಮ್ಮು. ಊದಬೇಡ ಅಂತ ಮಷೀನು ತಂದರೆ ಮಷೀನಿನ ಮುಂದೆಯೂ ಊದುವ ಮನುಷ್ಯನಿಗೆ ಏನು ಹೇಳಬೇಕು? ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ, 'ರೀ, ಗಲ್ಲಾ ಇಳಸ್ರಿ!' ಇಳಿಯುತ್ತಿದ್ದವು, ನಾನು ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಮತ್ತೆ ಏರುತ್ತಿದ್ದವು. ಬಾಯಿಗೆ ಎಲೆ ಅಡಿಕೆ ಕೊಟ್ಟು ನೋಡಿದೆ. ಅಡಿಕೆಯನ್ನು ಒಂದು ಕಡೆ ಒತ್ತಿಕೊಂಡು ಇನ್ನೊಂದು ಕೆನ್ನೆ ಉಬ್ಬಿಸಿದರು. ಮದುವೆ ಹತ್ತಿರ ಬರುತ್ತಿತ್ತು. ನನಗೆ ಸಿಟ್ಟು, ಅದರ ಕೆಳಗೆ ಭಯ.

ಒಂದು ಮಧ್ಯಾಹ್ನ ಆಮಂತ್ರಣ ಕೊಡುವ ವಿಷಯಕ್ಕೆ ಪಕ್ಕದಲ್ಲಿ ಕೂತು, ಕೊಪ್ಪಳದಲ್ಲಿ ಯಾರ್ಯಾರ ಮನೆಗೆ ಹೋಗಬೇಕು ಅಂತ ಕೇಳಿದೆ. ಇವರು ಬೆಳ್ಳಿಯ ಕೆಲಸದಲ್ಲಿದ್ದರು. ಕೈ ನಿಲ್ಲಿಸದೆ ಒಬ್ಬೊಬ್ಬರನ್ನೇ ಹೇಳುತ್ತ ಹೋದರು. ಬೆಸುಗೆ ಕೂಡಿತು. ಕೆಮ್ಮು ಬರಲಿಲ್ಲ. ನಾನು ಇವರ ಕೆನ್ನೆ ನೋಡಿದೆ, ಜೋತುಬಿದ್ದೇ ಇದ್ದವು. ಮಾತಾಡುವ ಬಾಯಿ ಊದಲಾರದು! ಇಷ್ಟು ಸಣ್ಣ ವಿಷಯ ನನಗೆ ಅಷ್ಟು ದಿನ ಹೊಳೆದಿರಲಿಲ್ಲ.

ಅಂದಿನಿಂದ ನನ್ನ ಕೆಲಸ ಒಂದೇ, ಇವರನ್ನು ಮಾತಾಡಿಸುವುದು. ಹೇಳಿದಷ್ಟು ಸುಲಭವಲ್ಲ ಅದು. ಮೊದಲು ಒಂದೊಂದೇ ಮಾತು ಉದುರುತ್ತಿತ್ತು. ಹವಾ ಕೇಳಿದರೆ 'ಬಿಸಲು', ಪಲ್ಯ ಕೇಳಿದರೆ 'ಬದನಿಕಾಯಿ'. ಆಮೇಲೆ ಹಳೆಯ ಗಿರಾಕಿಗಳ ಸುದ್ದಿ ತೆಗೆದೆ. ಅಲ್ಲಿ ಕಟ್ಟೆ ಒಡೆಯಿತು. ಯಾವ ಬೀಗರು ತಾಳಿಯ ತೂಕಕ್ಕೆ ಜಗಳ ತೆಗೆದರು, ಯಾವ ಹುಡುಗಿ ಕದ್ದು ಬಂದು ತನ್ನ ತಾಳಿಗೆ ಇನ್ನೊಂದು ಗುಂಡು ಕೂಡಿಸಲು ಹೇಳಿ ಹೋದಳು, ಎಲ್ಲ ನೆನಪಿತ್ತು. ಕೆಲವು ಸಲ ನಕ್ಕು ನಕ್ಕು ಜ್ವಾಲೆ ಅಲ್ಲಾಡಿ ಬೆಸುಗೆಯೇ ಕೆಟ್ಟಿತು. ಇಷ್ಟು ತಮಾಷೆಯ ಮನುಷ್ಯನ ಜೊತೆ ನಾನು ಇಷ್ಟು ವರ್ಷ ಇದ್ದೆನೆಂಬುದೇ ನನಗೆ ಗೊತ್ತಿರಲಿಲ್ಲ. ಸಂತೋಷವಾಯಿತು, ಹೊಟ್ಟೆಯೂ ಉರಿಯಿತು.

ತಾಳಿಯ ದಿನ ಬಂತು. ಮಗಳು ಕುಷ್ಟಗಿಯ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಇವರು ಸ್ನಾನ ಮಾಡಿ, ಪೂರ್ವಕ್ಕೆ ಮುಖ ಮಾಡಿ, ನೀಲಿ ಸೀರೆಯ ಮುಂದೆ ಕೂತರು. ಬಂಗಾರದ ಗುಂಡುಗಳನ್ನು ಜೋಡಿಸಿಟ್ಟು, ಬೆಸುಗೆ ಸಲೀಸಾಗಿ ಹರಿಯಲು ಬಿಳಿಗಾರದ ನೀರು ಹಚ್ಚಿದರು. ಅತ್ತೆ ಮಷೀನಿನ ಮೇಲೆ, ಬರೀ ಮೇಲೆ, ತೀರ್ಥ ಸಿಂಪಡಿಸಿದರು. ಆಮೇಲೆ ಅವರಿಗೆ ವ್ರತ ನೆನಪಾಯಿತು.

'ಅಲ್ಲೋ, ಊದಂಗಿಲ್ಲ ಅಂದ್ರ ಏನು ಕಡೀಬಾರ್ದು ಈಗ?'

ಇವರ ಕೈ ನಿಂತಿತು. ಮಗಳೇ ಅಂದಳು: 'ಮಾತು ಕಡೀಬಾರ್ದು. ಅಪ್ಪಾ, ಬೆಸುಗಿ ಕೂಡೂತನಕ ನನ್ನ ಜೋಡಿ ಮಾತಾಡು.'

'ಏನ್ ಮಾತಾಡ್ಲಿ ಯವ್ವಾ?'

'ನಿನಗ ತಿಳದದ್ದು.'

ಇವರು ನನ್ನ ಕಡೆ ನೋಡಿದರು. ನಾನು ಸಹಾಯಕ್ಕೆ ಹೋಗಲಿಲ್ಲ. ಜ್ವಾಲೆ ಹಚ್ಚಿ, ಮೊನೆಯನ್ನು ಮೊದಲ ಗುಂಡಿಗೆ ತಂದು, ಕಣ್ಣು ಅದರ ಮೇಲಿಂದ ಎತ್ತದೆ ಶುರು ಮಾಡಿದರು.

'ನೀ ಗಂಗಾವತ್ಯಾಗ ಹುಟ್ಟಿದಾಗ ನಾ ಇಲ್ಲೇ ಕುಂತಿದ್ದೆ. ಇದಽ ಮೂಲ್ಯಾಗ. ನಿಮ್ಮ ಮಾಮಾ ಬಸ್ ಹಿಡದು ಸುದ್ದಿ ತಂದ. ಬಾಗಲದಾಗ ನಿಂತು, ಹೆಣ್ಣು ಆತ್ರಿ ಅಂದ. ನನ್ನ ಬಾಯಾಗ ಗೊಳವಿ. ಬೆಂಕ್ಯಾಗ ಯಾರದೋ ಮಗಳ ತಾಳಿ. ಬಾಯಿ ತಗದ್ರ ಊದು ಕಡೀತೈತಿ. ತಲಿ ಎತ್ತಿದ್ರ ಗುಂಡು ಕರಗತೈತಿ. ಹೂಂ ಅಂದೆ, ಅಷ್ಟಽ. ಆತ ಒಂದೀಟು ನಿಂತು ನೋಡಿ ಹೋದ. ಬೆಸುಗಿ ಕೂಡಿದ ಮ್ಯಾಲ ಬರಿಗಾಲಲೇ ಬಸ್ ಸ್ಟ್ಯಾಂಡಿಗೆ ಓಡಿದೆ, ಬಸ್ ಹೋಗಿಬಿಟ್ಟಿತ್ತು. ಅವತ್ತ ನಾ ಊದಿದ್ದು ನೋಡಬೇಕಿತ್ತವ್ವಾ ನೀ. ನನಗ ಮಗಳು ಹುಟ್ಯಾಳ, ನನಗ ಮಗಳು ಹುಟ್ಯಾಳ ಅಂತ ಒಳಗಽ ಅನಕೋತ ಊದೇ ಊದಿದೆ. ಅಷ್ಟು ಉಸುರು ಎಲ್ಲಿಂದ ಬಂತೋ ಏನೋ. ಆ ಹುಡುಗಿ ತಾಳಿಯಂಥಾ ತಾಳಿ ನಾ ಮತ್ತ ಮಾಡಿಲ್ಲ. ಇವತ್ತ ಮಾಡಾಕತ್ತೀನಿ.'

ಗುಂಡುಗಳ ಸಾಲಿನ ಕೆಳಗೆ ಬೆಸುಗೆ ಫಳಕ್ಕನೆ ಹೊಳೆದು, ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯಿತು. ಇವರು ಪೈಪಿನ ತಿರುಪು ತಿರುಗಿಸಿ ಜ್ವಾಲೆ ಆರಿಸಿದರು.

ಬಾಣಂತಿ ಕೋಣೆಗೆ ಅಂದು ನನ್ನ ಅಣ್ಣ ತಂದ ಸುದ್ದಿ ನನಗೆ ಇವತ್ತಿಗೂ ಕಿವಿಯಲ್ಲಿದೆ: 'ಹೆಣ್ಣು ಅಂದ್ರ ಭಾವ ತಲಿ ಎತ್ತಿ ಸುದ್ದಾ ನೋಡಲಿಲ್ಲವಾ.' ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡು ನಾನು ಗೋಡೆಯ ಕಡೆ ತಿರುಗಿ ಅತ್ತಿದ್ದೆ. ಆಮೇಲೆ ಇವರು ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ್ದನ್ನು ಕಂಡಿದ್ದೇನೆ, ಇವರ ಪ್ರೀತಿಯ ಬಗ್ಗೆ ಅನುಮಾನ ಇರಲಿಲ್ಲ. ಆದರೂ ಆ ಒಂದು ದಿನ ಮುಳ್ಳಿನ ಹಾಗೆ ಒಳಗೇ ಉಳಿದಿತ್ತು. ಕೇಳಿದರೆ ಏನು ಉತ್ತರ ಬಂದೀತೋ ಎಂಬ ಹೆದರಿಕೆಗೆ ಕೇಳಿರಲಿಲ್ಲ.

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನನಗೆ ಅಳು ಬಂತು, ಅಳು ಬಂದರೆ ನನಗೆ ಬಾಯಿ ಜೋರಾಗುತ್ತದೆ. 'ಇದನ್ನ ಇಷ್ಟು ವರ್ಷ ಹೇಳಾಕ ಏನಾಗಿತ್ರಿ ನಿಮಗ? ನನ್ನ ಅಣ್ಣ ಬಂದು ನೀವು ತಲಿ ಸುದ್ದಾ ಎತ್ತಲಿಲ್ಲ ಅಂದಿದ್ದ!'

ಇವರಿಗೆ ಅದು ಗೊತ್ತೇ ಇರಲಿಲ್ಲ. ಬೆಚ್ಚಿ ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಆರಿದ ಪೈಪನ್ನು ಕೆಳಗಿಟ್ಟರು.

'ನಿಮ್ಮ ಅಣ್ಣಗ ಫೋನ್ ಹಚ್ಚು' ಅಂದರು. 'ಹೆಣ್ಣು ಹುಟ್ಟಿದ್ದು ಭಾವಗ ಭಾಳ ಖುಷಿ ಆಗೈತಿ ಅಂತ ಹೇಳು.'

ನಾನು ಕಣ್ಣು ಒರೆಸಿಕೊಂಡು ಗಂಗಾವತಿಗೆ ಫೋನ್ ಹಚ್ಚಿದೆ.